ಇನ್ನೂ ಪವರ್ ಇರುವ ಟ್ಯೂಬ್ ಯಾವುದು ಮೇಡಂ?
ಓದುಗರ ಪ್ರಶ್ನೆಗಳಿಗೆ ಚರ್ಮವೈದ್ಯೆಯ ಉತ್ತರ

ಮಳೆ ಹಿಡಿಯಿತು ಅಂದರೆ ಈ ಅಂಕಣಕ್ಕೆ ಬರುವ ಕಾಗದಗಳಲ್ಲಿ ಜಾಸ್ತಿ ಹುಳಕಡ್ಡಿಯದ್ದೇ. ಈ ಸಲ ಬೇರೆ ಪ್ರಶ್ನೆಗಳನ್ನೆಲ್ಲ ಪಕ್ಕಕ್ಕಿಟ್ಟು, ಹುಳಕಡ್ಡಿ ಮತ್ತು ಅದರ ನೆಂಟರ ಬಗ್ಗೆ ಬಂದವನ್ನಷ್ಟೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನನಗೆ 36 ವರ್ಷ, ಗೂಡ್ಸ್ ಗಾಡಿ ಓಡಿಸುತ್ತೇನೆ. ಒಂದು ವರ್ಷದಿಂದ ತೊಡೆಸಂದಿಯಲ್ಲಿ ಹುಳಕಡ್ಡಿ. ಮೆಡಿಕಲ್ ಶಾಪಿನಲ್ಲಿ ಕೊಟ್ಟ ಟ್ಯೂಬ್ ಹಚ್ಚಿದರೆ ಎರಡೇ ದಿನಕ್ಕೆ ತುರಿಕೆ ನಿಲ್ಲುತ್ತದೆ. ಬಿಟ್ಟರೆ ವಾರದೊಳಗೆ ವಾಪಸ್. ಈಗ ಸೊಂಟದವರೆಗೂ ಹಬ್ಬಿದೆ. ತೊಡೆ ಮೇಲೆ ಬಿಳಿ ಗೆರೆ ಬೇರೆ ಬಿದ್ದಿವೆ. ಹೆಂಡತಿಗೂ ಶುರುವಾಗಿದೆ. ಇದಕ್ಕಿಂತ ಪವರ್ ಇರುವ ಟ್ಯೂಬ್ ಯಾವುದು ಮೇಡಂ? (ಭದ್ರಾವತಿ)

ಉತ್ತರ: ಪವರ್ ಜಾಸ್ತಿ ಆಗಿದ್ದೇ ನಿಮ್ಮ ತೊಂದರೆ. ಮನೆಯಲ್ಲಿ ಇರುವ ಟ್ಯೂಬನ್ನು ಕೈಗೆ ತೆಗೆದುಕೊಳ್ಳಿ. ದೊಡ್ಡ ಅಕ್ಷರದ ಹೆಸರು ಬಿಡಿ, ಅದರ ಕೆಳಗೆ ಇರುವೆ ಸಾಲಿನಷ್ಟು ಸಣ್ಣದಾಗಿ ಬರೆದಿರುತ್ತದಲ್ಲ, ಅದನ್ನು ಓದಿ. ಕ್ಲೊಬೆಟಾಸೋಲ್, ಬೆಟಾಮೆಥಾಸೋನ್, ಬೆಕ್ಲೊಮೆಥಾಸೋನ್, ಮೊಮೆಟಾಸೋನ್, ಹೀಗೆ ಯಾವುದಾದರೂ ಕಂಡರೆ ಅದು ಸ್ಟಿರಾಯ್ಡ್. ಜೊತೆಗೆ ಒಂದು ಫಂಗಸ್ ಔಷಧಿ, ಒಂದು ಆಂಟಿಬಯೋಟಿಕ್ ಕೂಡ ಸೇರಿಸಿರುತ್ತಾರೆ. ಎಲ್ಲಾ ಕಾಯಿಲೆಗೂ ಒಂದೇ ಟ್ಯೂಬ್ ಅನ್ನುವ ಲೆಕ್ಕಾಚಾರ. ನನ್ನ ಹತ್ತಿರ ಬರುವವರು ಪ್ಲಾಸ್ಟಿಕ್ ಕವರಿನಲ್ಲಿ ಹಿಂಡಿ ಹಿಪ್ಪೆಯಾದ ಟ್ಯೂಬುಗಳನ್ನು ತರುತ್ತಾರೆ. ನಾನು ಮೇಜಿನ ಮೇಲೆ ಸುರಿದುಕೊಂಡು ಭೂತಗನ್ನಡಿ ಹಿಡಿದು ಓದುತ್ತೇನೆ. ಹೆಸರು ನಾಲ್ಕು, ಕಂಪನಿ ನಾಲ್ಕು, ಒಳಗಿನ ಮಾಲು ಮಾತ್ರ ಒಂದೇ.

ನಿಮ್ಮ ಚರ್ಮ ಕೆಂಪಗಾಗುವುದು, ತುರಿಸುವುದು ಯಾಕೆ ಗೊತ್ತಾ? ಒಳಗೆ ಬಂದ ಫಂಗಸ್ ಜೊತೆ ಅದು ಜಗಳ ಆಡುತ್ತಿದೆ. ಸ್ಟಿರಾಯ್ಡ್ ಆ ಜಗಳವನ್ನೇ ನಿಲ್ಲಿಸುತ್ತದೆ. ಕಳ್ಳ ಬಂದಾಗ ಬೊಗಳುವ ನಾಯಿಯ ಬಾಯಿ ಕಟ್ಟಿದ ಹಾಗೆ. ಮನೆಯವರಿಗೆ ನಿದ್ದೆ ಚೆನ್ನಾಗಿ ಬರುತ್ತದೆ, ಕಳ್ಳನಿಗೂ ಅನುಕೂಲ. ತುರಿಕೆ ನಿಂತಿದ್ದನ್ನೇ ಗುಣವಾಯಿತು ಅಂದುಕೊಂಡು ನೀವು ಹಚ್ಚುವುದನ್ನು ಬಿಡುತ್ತೀರಿ. ಅಷ್ಟರಲ್ಲಿ ಫಂಗಸ್ ಅಕ್ಕಪಕ್ಕಕ್ಕೆ ಹಬ್ಬಿರುತ್ತದೆ.

ಬರೀ ಹುಳಕಡ್ಡಿ ಆದರೆ ನೋಡಿದ ಕೂಡಲೇ ಗೊತ್ತಾಗುತ್ತದೆ. ಅಂಚು ಉಬ್ಬಿ ಕೆಂಪಗಿರುತ್ತದೆ, ಮೇಲೆ ಹೊಟ್ಟು ಎದ್ದಿರುತ್ತದೆ, ನಡುವೆ ಚರ್ಮ ತಿಳಿಯಾಗಿರುತ್ತದೆ. ಸ್ಟಿರಾಯ್ಡ್ ಹಚ್ಚಿದವರಲ್ಲಿ ಆ ಅಂಚೇ ಅಳಿಸಿಹೋಗುತ್ತದೆ, ಇಲ್ಲವೇ ಒಂದು ಉಂಗುರದೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು ಏಳುತ್ತದೆ. ಎಷ್ಟೋ ಸಲ ನನಗೂ ಕಣ್ಣಿಂದ ನೋಡಿ ಹೇಳಲಾಗುವುದಿಲ್ಲ. ಆಗ ಅಂಚಿನಿಂದ ಸ್ವಲ್ಪ ಹೊಟ್ಟು ಕೆರೆದು ಗಾಜಿನ ಮೇಲೆ ಹಾಕುತ್ತೇವೆ. ಅದಕ್ಕೆ ಶೇಕಡಾ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಒಂದು ಹನಿ ಬಿಟ್ಟು, ಹೊಟ್ಟು ಕರಗುವ ತನಕ ಕಾಯಬೇಕು. ಮೈಕ್ರೋಸ್ಕೋಪಿನಲ್ಲಿ ಕವಲೊಡೆದ ಸಣ್ಣ ಎಳೆಗಳು ಕಂಡರೆ ಫಂಗಸ್ ಅನ್ನುವುದು ಖಾತ್ರಿ. ನೋವಿಲ್ಲ, ಸೂಜಿ ಇಲ್ಲ, ಖರ್ಚೂ ಕಡಿಮೆ. ಚರ್ಮವೈದ್ಯರ ಹತ್ತಿರ ಹೋದಾಗ ಇದನ್ನು ಮಾಡಿಸಿ ಎಂದು ನೀವೇ ಕೇಳಬಹುದು.

ತೊಡೆಯ ಬಿಳಿ ಗೆರೆ ಆ ಟ್ಯೂಬಿನದೇ ಉಡುಗೊರೆ. ಚರ್ಮ ತೆಳುವಾಗಿ ಒಳಗಿನಿಂದ ಹರಿದಿದೆ. ಕಾಲ ಕಳೆದಂತೆ ಸ್ವಲ್ಪ ಮಾಸೀತು, ಪೂರ್ತಿ ಹೋಗುವುದಿಲ್ಲ. ಸುಳ್ಳು ಭರವಸೆ ಕೊಡಲಾರೆ.

ಈ ಜೋರು ಸ್ಟಿರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದು ಎಂದು ಕೇಂದ್ರ ಸರ್ಕಾರ 2018ರಲ್ಲೇ ಅವನ್ನು ಷೆಡ್ಯೂಲ್ ಹೆಚ್‌ಗೆ ಸೇರಿಸಿದೆ. ಆದರೂ ಹಾಲಿನ ಪ್ಯಾಕೆಟ್ ಕೇಳಿದಷ್ಟೇ ಸಲೀಸಾಗಿ ಸಿಗುತ್ತಿವೆ. ಅಂಗಡಿಯವರದ್ದಷ್ಟೇ ತಪ್ಪು ಅಂತ ನಾನು ಹೇಳಲ್ಲ. ಹಿಂದೆ ನಾವು ಡಾಕ್ಟರುಗಳು ಬರೆದುಕೊಟ್ಟ ಚೀಟಿಗಳೇ ಊರೂರು ಸುತ್ತುತ್ತಿವೆ.

ಈಗ ಏನು ಮಾಡಬೇಕು? ಮೊದಲು ಆ ಟ್ಯೂಬ್ ನಿಲ್ಲಿಸಿ. ನಿಲ್ಲಿಸಿದ ಮೇಲೆ ಸ್ವಲ್ಪ ದಿನ ಕೆಂಪು, ಉರಿ, ತುರಿಕೆ ಜಾಸ್ತಿಯೇ ಆಗುತ್ತದೆ. ಹೆದರಿ ಮತ್ತೆ ಅದನ್ನೇ ಹಚ್ಚಬೇಡಿ. ತುರಿಕೆಗೆ ಬೇರೆ ಮಾತ್ರೆ ಇದೆ. ನಿಮ್ಮಷ್ಟು ಹಬ್ಬಿದವರಿಗೆ ಬರೀ ಮುಲಾಮು ಸಾಲದು, ನುಂಗುವ ಔಷಧಿಯೂ ಬೇಕು. ಒಂದು ಕಾಲಕ್ಕೆ ಟರ್ಬಿನಾಫಿನ್ ಮಾತ್ರೆ ಎರಡು ವಾರ ಕೊಟ್ಟರೆ ಮುಗಿಯುತ್ತಿತ್ತು. ಈಗ ನಮ್ಮ ದೇಶದಲ್ಲಿ ಹರಡಿರುವ ಫಂಗಸ್ ಬೇರೆ ತಳಿಯದು. ಟ್ರೈಕೊಫೈಟಾನ್ ಇಂಡೋಟಿನಿಯೆ ಎಂದು ಅದಕ್ಕೆ 2020ರಲ್ಲಿ ಹೆಸರಿಟ್ಟರು. ಟರ್ಬಿನಾಫಿನ್ ಹೋಗಿ ಕೂರಬೇಕಾದ ಜಾಗವನ್ನೇ ಅದು ಬದಲಾಯಿಸಿಕೊಂಡಿದೆ, ಹಾಗಾಗಿ ಎಷ್ಟೋ ಜನರಿಗೆ ಆ ಮಾತ್ರೆ ನಾಟುವುದಿಲ್ಲ. ಇಟ್ರಾಕೊನಜೋಲ್ ಕೊಡಬೇಕಾಗುತ್ತದೆ. ಆರು, ಎಂಟು ವಾರ, ಕೆಲವರಿಗೆ ಅದಕ್ಕೂ ಹೆಚ್ಚು.

ಈ ಇಟ್ರಾಕೊನಜೋಲ್ ಕ್ಯಾಪ್ಸೂಲಿನ ವಿಷಯದಲ್ಲಿ ಜನ ಎಡವುವುದು ಒಂದೇ ಕಡೆ. ಹೊಟ್ಟೆಯ ಆಮ್ಲ ಇದ್ದರೆ ಮಾತ್ರ ಅದು ಸರಿಯಾಗಿ ಮೈಗೆ ಹತ್ತುತ್ತದೆ. ಊಟ ಆದ ತಕ್ಷಣ ನುಂಗಬೇಕು. ನೀವು ಡ್ರೈವರ್ ಅಂದಿರಿ, ಹೊತ್ತಿಗೆ ಸರಿಯಾಗಿ ಊಟ ಇಲ್ಲದೆ ಗ್ಯಾಸ್ ಮಾತ್ರೆ ಅಭ್ಯಾಸ ಇದ್ದರೆ ಅದನ್ನು ಡಾಕ್ಟರಿಗೆ ಹೇಳಲೇಬೇಕು. ಎರಡೂ ಒಟ್ಟಿಗೆ ನುಂಗಿದರೆ ದುಬಾರಿ ಕ್ಯಾಪ್ಸೂಲ್ ಸುಮ್ನೆ ಹೊಟ್ಟೆಯಿಂದ ಆಚೆ ಹೋಗುತ್ತದೆ. ಹೃದಯದ ತೊಂದರೆ ಇದ್ದರೆ, ಕೊಲೆಸ್ಟರಾಲ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ. ನಿಮ್ಮ ಸ್ಟ್ರಿಪ್ಪಿನಿಂದ ಹೆಂಡತಿಗೆ ಎರಡು ಮಾತ್ರೆ ಹಂಚುವುದು ಬೇಡ. ಅವರನ್ನೂ ಕರೆದುಕೊಂಡು ಹೋಗಿ, ಇಬ್ಬರಿಗೂ ಒಟ್ಟಿಗೆ ಚಿಕಿತ್ಸೆ ಆಗಲಿ. ಬಸುರಿ ಆಗಿದ್ದರೆ ಈ ಮಾತ್ರೆಗಳು ಕೂಡದು.

ಇನ್ನೊಂದು ಮಾತು. ಉಡಿದಾರ. ಪರೀಕ್ಷೆ ಮಾಡುವಾಗ ನೋಡುತ್ತೇನೆ, ಸೊಂಟದ ಸುತ್ತ ದಾರ ಎಲ್ಲಿ ಕೂತಿದೆಯೋ ಸರಿಯಾಗಿ ಅದೇ ಜಾಡಿನಲ್ಲಿ ಹುಳಕಡ್ಡಿ. ಬೆವರು ಕುಡಿದ ದಾರ ಒಣಗುವುದೇ ಇಲ್ಲ, ಫಂಗಸ್ ಅದರಲ್ಲೇ ಮನೆ ಮಾಡುತ್ತದೆ. ತೆಗೆಯಿರಿ ಅಂದರೆ ಕೆಲವರು ಮುಖ ಸಣ್ಣ ಮಾಡುತ್ತಾರೆ. ಅಪ್ಪ ಬದುಕಿದ್ದಾಗ ತೆಗೆಯಬಾರದಂತೆ. ಚಿಕಿತ್ಸೆ ಮುಗಿಯುವವರೆಗೆ ದೇವರ ಮುಂದೆ ಇಟ್ಟಿರಿ, ಆಮೇಲೆ ಹೊಸದು ಕಟ್ಟಿಕೊಳ್ಳಿ ಅನ್ನುತ್ತೇನೆ. ಬಹಳ ಜನ ಒಪ್ಪುತ್ತಾರೆ. ಗಾಡಿ ಓಡಿಸುವಾಗ ಬಿಗಿ ಜೀನ್ಸ್ ಬೇಡ, ಸಡಿಲವಾದ ಹತ್ತಿ ಪ್ಯಾಂಟ್ ಸಾಕು. ಒಳಚಡ್ಡಿ ದಿನಾ ಬದಲಾಗಬೇಕು, ಬಿಸಿನೀರಲ್ಲಿ ಒಗೆದು ಒಳಮೈ ಹೊರಗೆ ಮಾಡಿ ಬಿಸಿಲಿಗೆ ಹಾಕಿ. ಟವೆಲ್ ಒಬ್ಬೊಬ್ಬರಿಗೆ ಒಂದೊಂದು.

ಪ್ರಶ್ನೆ: ನಾವು ಅಡಿಕೆ ಬೆಳೆಗಾರರು. ಔಷಧಿ ಹೊಡೆಯಲು ಮರ ಹತ್ತುವ ಕೊನೆಗಾರರಿಗೆ ಮಳೆಗಾಲದಲ್ಲಿ ಕಾಲ್ಬೆರಳ ಸಂದಿ ಬೆಳ್ಳಗೆ ಕೊಳೆತು ನಾರುತ್ತದೆ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಹೊಡೆಯುತ್ತೇವಲ್ಲ, ಅದೂ ಫಂಗಸ್ ಅಲ್ವಾ? ಅದನ್ನೇ ಕಾಲಿಗೆ ಹಚ್ಚಿದರೆ ಆಗುತ್ತದಾ? ಒಬ್ಬರು ಹಚ್ಚಿಕೊಂಡು ಕಾಲು ಸುಟ್ಟುಕೊಂಡಿದ್ದಾರೆ. (ತೀರ್ಥಹಳ್ಳಿ ತಾಲೂಕು)

ಉತ್ತರ: ಪ್ರಶ್ನೆ ನನಗೆ ಬಹಳ ಇಷ್ಟವಾಯಿತು. ಉತ್ತರ ಮಾತ್ರ "ಬೇಡವೇ ಬೇಡ". ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್. ಕೊಳೆತು ಮೆತ್ತಗಾದ ಚರ್ಮದ ಮೇಲೆ ಅದು ಬಿದ್ದರೆ ಸುಡುತ್ತದೆ, ಸುಣ್ಣ ಸೇರಿದರೆ ಇನ್ನೂ ಕಷ್ಟ. ನೂರು ಲೀಟರ್ ನೀರಿಗೆ ಒಂದೊಂದು ಕಿಲೋ ಹಾಕಿ ಮಾಡುವ ಬೋರ್ಡೋ ದ್ರಾವಣ ಅಡಿಕೆ ಗೊನೆಗೆ ಸರಿ. ಕೊಳೆರೋಗದ ಬಗ್ಗೆ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲೇ ಅಧ್ಯಯನ ಮಾಡಿ ಬರೆದಿದ್ದಾರೆ. ಆ ರೋಗ ತರುವ ಫೈಟಾಫ್ತೊರ ನೋಡಲು ಫಂಗಸ್ ಥರ ಇದೆ, ಕುಲ ಬೇರೆ. ನಿಜವಾದ ಫಂಗಸ್ಸಿಗಿಂತ ಪಾಚಿಗೆ ಹತ್ತಿರದ ಸಂಬಂಧಿ. ನಮ್ಮ ಹುಳಕಡ್ಡಿಯದು ಚರ್ಮ, ಕೂದಲು, ಉಗುರಿನಲ್ಲಿರುವ ಕೆರಾಟಿನ್ ಎಂಬ ಗಟ್ಟಿ ಪ್ರೋಟೀನ್ ತಿಂದು ಬದುಕುವ ಜಾತಿ.

ತೋಟದವರಿಗೆ ಇನ್ನೊಂದು ವಿಷಯ. ಎಲೆಚುಕ್ಕಿ ರೋಗಕ್ಕೆ ಹೊಡೆಯುವ ಪ್ರೊಪಿಕೊನಜೋಲ್ ಮತ್ತು ನಾನು ಮೇಲೆ ಹೇಳಿದ ಇಟ್ರಾಕೊನಜೋಲ್ ಒಂದೇ ಮನೆತನದ ರಾಸಾಯನಿಕಗಳು. ಹಾಗಂತ ಕ್ಯಾನಿನಿಂದ ತೆಗೆದು ಮೈಗೆ ಹಚ್ಚುವಂತಿಲ್ಲ. ಈ ಮಾತು ಬರೆಯಬೇಕಾಗಿ ಬಂದಿದೆ ಅಂದರೆ ಯಾಕೆ ಅಂತ ನೀವೇ ಊಹಿಸಿ. ಬ್ಯಾಟರಿ ಆಸಿಡ್, ಸೀಮೆಎಣ್ಣೆ, ಫಿನೈಲ್ ಹಚ್ಚಿಕೊಂಡು ಬಂದವರ ಚರ್ಮವನ್ನು ನಾನು ನೋಡಿದ್ದೇನೆ. ಹುಳಕಡ್ಡಿ ಬಿಟ್ಟು ಸುಟ್ಟಗಾಯಕ್ಕೆ ಚಿಕಿತ್ಸೆ ಮಾಡಬೇಕಾಗುತ್ತದೆ.

ಕೆಸರುಹುಣ್ಣಿಗೆ ಮುಖ್ಯ ಮದ್ದು ಒಣಗಿಸುವುದು. ಕೆಲಸ ಮುಗಿದ ಮೇಲೆ ಸೋಪು ಹಾಕಿ ತೊಳೆದು, ಬೆರಳು ಬೆರಳಿನ ನಡುವೆ ಹಳೇ ಪಂಚೆ ಚೂರು ತೂರಿಸಿ ಒರೆಸಬೇಕು. ಕಿರುಬೆರಳು ಮತ್ತು ಅದರ ಪಕ್ಕದ ಬೆರಳಿನ ಸಂದಿ ಎಲ್ಲಕ್ಕಿಂತ ಇಕ್ಕಟ್ಟು, ಕೊಳೆಯುವುದು ಅಲ್ಲಿಂದಲೇ ಶುರು. ಗಂಬೂಟ್ ಹಾಕುವವರು ರಾತ್ರಿ ಅದನ್ನು ಬಚ್ಚಲ ಒಲೆಯ ಹತ್ತಿರ ಬೋರಲು ಹಾಕಲಿ. ಮೈಕೊನಜೋಲ್ ಅಥವಾ ಕ್ಲೊಟ್ರಿಮಜೋಲ್ ಮುಲಾಮು ತೆಳುವಾಗಿ ದಿನಕ್ಕೆರಡು ಸಲ, ನಾಲ್ಕು ವಾರ. ನಾರುತ್ತಿದ್ದರೆ ಬ್ಯಾಕ್ಟೀರಿಯಾವೂ ಸೇರಿದೆ ಎಂದು ಅರ್ಥ, ಅದಕ್ಕೆ ಬೇರೆ ಔಷಧಿ ಬೇಕಾಗಬಹುದು. ಸಕ್ಕರೆ ಕಾಯಿಲೆ ಇದ್ದವರಿಗೆ ಕಾಲು ಊದಿ, ಕೆಂಪಾಗಿ, ಚಳಿಜ್ವರ ಬಂದರೆ ಅವತ್ತೇ ಆಸ್ಪತ್ರೆಗೆ. ಕಾಲು ಸುಟ್ಟುಕೊಂಡವರು ಮುಲಾಮಿನ ಮಾತು ಆಮೇಲೆ ನೋಡೋಣ, ಮೊದಲು ಗಾಯ ತೋರಿಸಲಿ.

ಪ್ರಶ್ನೆ: ಐದು ವರ್ಷದ ಮಗನ ತಲೆಯಲ್ಲಿ ರೂಪಾಯಿ ಅಗಲದ ಜಾಗದಲ್ಲಿ ಕೂದಲು ಉದುರಿದೆ. ಈಗ ಅದು ಊದಿ, ಕೀವು ಸೋರುತ್ತಿದೆ. ಕುರು ಅಂತ ಕೊಯ್ಯಿಸಲು ಹೇಳುತ್ತಿದ್ದಾರೆ. ಮನೆಯ ಕರುವಿನ ಕಣ್ಣಿನ ಸುತ್ತಲೂ ಬೂದುಬಣ್ಣದ ಚಕ್ಕೆಗಳಿವೆ, ಇವನು ಅದನ್ನು ತಬ್ಬಿಕೊಂಡೇ ಇರುತ್ತಾನೆ. (ಹಾವೇರಿ ಜಿಲ್ಲೆ)

ಉತ್ತರ: ಅಮ್ಮಾ, ಕೊಯ್ಯಿಸುವುದಕ್ಕೆ ಮುಂಚೆ ಚರ್ಮವೈದ್ಯರಿಗೆ ತೋರಿಸಿ. ಕರುವಿನ ವಿಷಯ ಬರೆದದ್ದು ಒಳ್ಳೆಯದಾಯಿತು. ದನಕರುವಿನ ಹುಳಕಡ್ಡಿ ಮನುಷ್ಯರಿಗೆ ಬಂದರೆ ಹೀಗೆಯೇ ಜೋರಾಗಿ ಊದಿಕೊಳ್ಳುತ್ತದೆ. ಕೆರಿಯನ್ ಅನ್ನುತ್ತಾರೆ. ಮುಟ್ಟಿದರೆ ಮೆತ್ತಗೆ, ಒತ್ತಿದರೆ ಹಲವು ರಂಧ್ರಗಳಿಂದ ಕೀವು, ಕೂದಲು ಹಿಡಿದರೆ ನೋವಿಲ್ಲದೆ ಕೈಗೆ ಬರುತ್ತದೆ. ಕುರುವಿನ ಥರ ಒಳಗೆ ಒಂದೇ ಕಡೆ ಕೀವು ತುಂಬಿರುವುದಿಲ್ಲ. ಕೊಯ್ದರೆ ಪ್ರಯೋಜನ ಇಲ್ಲ, ಕಲೆ ಉಳಿದು ಆ ಜಾಗದಲ್ಲಿ ಕೂದಲೇ ಬರದಂತೆ ಆಗಬಹುದು.

ತಲೆಯ ಹುಳಕಡ್ಡಿಗೆ ಮುಲಾಮು ಸಾಲುವುದಿಲ್ಲ, ಫಂಗಸ್ ಕೂದಲ ಬುಡದೊಳಗೆ ಇಳಿದಿರುತ್ತದೆ. ಗ್ರಿಸಿಯೋಫಲ್ವಿನ್ ಅಥವಾ ಟರ್ಬಿನಾಫಿನ್ ಅನ್ನು ಮಗುವಿನ ತೂಕ ನೋಡಿ ವಾರಗಟ್ಟಲೆ ಕೊಡುತ್ತಾರೆ. ಗ್ರಿಸಿಯೋಫಲ್ವಿನ್ ಕೊಟ್ಟರೆ ಹಾಲು, ತುಪ್ಪದ ಅನ್ನದ ಜೊತೆ ಕೊಡಿ, ಜಿಡ್ಡಿದ್ದರೆ ಚೆನ್ನಾಗಿ ಹತ್ತುತ್ತದೆ. ತಲೆ ಬೋಳಿಸಬೇಕಿಲ್ಲ. ಬಾಚಣಿಗೆ, ಟೋಪಿ ಬೇರೆ ಇಡಿ. ಕರುವಿಗೆ ಪಶುವೈದ್ಯರನ್ನು ಕರೆಸಿ. ಅಲ್ಲಿಯವರೆಗೆ ತಬ್ಬುವುದು ಬೇಡ ಅಂತ ಹೇಳಿ, ಕೇಳಿದರೆ ಪುಣ್ಯ.

ಪ್ರಶ್ನೆ: ಹಾಸ್ಟೆಲಿನಲ್ಲಿದ್ದೇನೆ. ಎದೆ, ಬೆನ್ನಿನ ಮೇಲೆ ಬಿಳಿ ಚಿಬ್ಬು. ರೂಮಿನವರು ಬಕೆಟ್ ಕೂಡ ಕೊಡುವುದಿಲ್ಲ. ಟರ್ಬಿನಾಫಿನ್ ಮಾತ್ರೆ ನುಂಗಿದೆ, ಹೋಗಲಿಲ್ಲ. (ಮೈಸೂರು)

ಉತ್ತರ: ಹೋಗುವುದಿಲ್ಲ ತಮ್ಮಾ. ಚಿಬ್ಬು ತರುವ ಮಲಸೇಜಿಯ ಎಲ್ಲರ ಚರ್ಮದ ಮೇಲೂ ಇರುವ ಯೀಸ್ಟ್, ನಿನ್ನ ರೂಮಿನವರ ಬೆನ್ನ ಮೇಲೂ ಇದೆ. ಬೆವರು, ಎಣ್ಣೆಚರ್ಮ ಇದ್ದವರಲ್ಲಿ ಅದು ಜಾಸ್ತಿ ಬೆಳೆಯುತ್ತದೆ ಅಷ್ಟೇ. ಬಕೆಟ್ ಕೊಡಲು ಹೇಳು. ಟರ್ಬಿನಾಫಿನ್ ನುಂಗಿದರೆ ಇದಕ್ಕೆ ಕೆಲಸ ಮಾಡುವುದಿಲ್ಲ. ಕೀಟೊಕೊನಜೋಲ್ ಶಾಂಪೂವನ್ನು ಕುತ್ತಿಗೆಯಿಂದ ಸೊಂಟದವರೆಗೆ ಹಚ್ಚಿ, ಐದು ನಿಮಿಷ ಬಿಟ್ಟು ತೊಳೆ. ಐದು ದಿನ ಹೀಗೆ ಮಾಡು. ಫಂಗಸ್ ಸತ್ತ ಮೇಲೂ ಬಿಳಿ ಬಣ್ಣ ತಿಂಗಳುಗಟ್ಟಲೆ ಉಳಿಯುತ್ತದೆ. ಉಗುರಿನಿಂದ ಕೆರೆದರೆ ಹೊಟ್ಟು ಏಳದಿದ್ದರೆ ಔಷಧಿ ಕೆಲಸ ಮಾಡಿದೆ, ಬಣ್ಣ ತಾನಾಗಿ ತುಂಬುತ್ತದೆ. ಒಂದು ವಿಷಯ ಮಾತ್ರ ನೋಡಿಕೊ. ಆ ಬಿಳಿ ಮಚ್ಚೆಯ ಮೇಲೆ ಹತ್ತಿಯ ಎಳೆ ಸೋಕಿಸಿದರೆ ಗೊತ್ತಾಗದೆ ಹೋದರೆ ಅದು ಚಿಬ್ಬಲ್ಲ, ಕುಷ್ಠ ಇರಬಹುದು. ಗಾಬರಿ ಬೇಡ, ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಪುಕ್ಕಟೆ, ಪೂರ್ತಿ ಗುಣವಾಗುತ್ತದೆ.

ಪ್ರಶ್ನೆ: ಲಂಗದ ಲಾಡಿ ಕಟ್ಟುವ ಜಾಗದಲ್ಲಿ ಗಜಕರ್ಣ. ಅತ್ತೆಯವರು ನಂಜು ಅಂತ ಬದನೆಕಾಯಿ, ಶೇಂಗಾ, ಮೀನು ಎಲ್ಲ ಬಿಡಿಸಿದ್ದಾರೆ. ಸೀಮೆ ಅಗಸೆ ಸೊಪ್ಪು ಅರೆದು ಹಚ್ಚುತ್ತಿದ್ದಾರೆ. ಬರೀ ರೊಟ್ಟಿ, ಮೊಸರಿನ ಮೇಲೆ ಇದ್ದೇನೆ. (ಧಾರವಾಡ)

ಉತ್ತರ: ಬದನೆಕಾಯಿ ತಿನ್ನಿ. ಧಾರವಾಡದಲ್ಲಿದ್ದು ಎಣ್ಣೆಗಾಯಿ ಬಿಡುವುದೆಂದರೆ ಏನು! ಹುಳಕಡ್ಡಿ ರಕ್ತದಿಂದ ಬರುವುದಲ್ಲ. ಫಂಗಸ್ ಕೂತಿರುವುದು ಚರ್ಮದ ಮೇಲಿನ ಸತ್ತ ಪದರದಲ್ಲಿ, ನೀವು ಉಂಡದ್ದು ಅದಕ್ಕೆ ಗೊತ್ತಾಗುವುದೂ ಇಲ್ಲ. ಆಹಾರದಲ್ಲಿ ನೋಡಬೇಕಾದ್ದು ಒಂದೇ, ಸಕ್ಕರೆ ಕಾಯಿಲೆ ಇದೆಯೋ ಎಂದು. ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ.

ಸೊಪ್ಪಿನ ಬಗ್ಗೆ ನಾನು ಅತ್ತೆಯವರನ್ನು ಬೈಯುವುದಿಲ್ಲ. ಸೀಮೆ ಅಗಸೆಯಲ್ಲಿ ಫಂಗಸ್ಸಿಗೆ ಆಗದ ಅಂಶ ಇರುವುದು ನಿಜ. ಅದರ ನೆಂಟ, ನಮ್ಮ ಕಡೆ ಆಷಾಢದಲ್ಲಿ ಪಲ್ಯ ಮಾಡುವ ತಗಚೆ ಸೊಪ್ಪಿಗೂ ಆಯುರ್ವೇದದಲ್ಲಿ ಇದೇ ಕಾರಣಕ್ಕೆ ಹೆಸರಿದೆ. ಕೈಯಗಲದ ಹೊಸ ಹುಳಕಡ್ಡಿಗೆ ಹಿಂದೆ ಇದು ಸಾಕಾಗುತ್ತಿತ್ತೇನೋ. ಆದರೆ ಅರೆದದ್ದು ಹಸಿ ಚರ್ಮದ ಮೇಲೆ ದಿನಗಟ್ಟಲೆ ಕೂತರೆ ಉರಿ ಎದ್ದು, ನನಗೆ ಯಾವುದು ಫಂಗಸ್, ಯಾವುದು ಸೊಪ್ಪಿನ ಉರಿ ಅನ್ನುವುದೇ ತಿಳಿಯುವುದಿಲ್ಲ. ಬೆಳ್ಳುಳ್ಳಿ ಅಂತೂ ಖಂಡಿತ ಬೇಡ, ಗುಳ್ಳೆ ಏಳುತ್ತದೆ.

ಲೂಲಿಕೊನಜೋಲ್ ಅಥವಾ ಕ್ಲೊಟ್ರಿಮಜೋಲ್, ಬೇರೇನೂ ಬೆರೆಸದ ಮುಲಾಮು ಕೇಳಿ ತನ್ನಿ. ಅಂಚಿನಿಂದ ಎರಡು ಬೆರಳು ಆಚೆಯಿಂದ ಶುರುಮಾಡಿ ಒಳಕ್ಕೆ ಹಚ್ಚಿ. ಕಲೆ ಮಾಸಿದ ಮೇಲೂ ಎರಡು ವಾರ ನಿಲ್ಲಿಸಬೇಡಿ. ಲಾಡಿಯ ಬದಲು ಅಗಲ ಪಟ್ಟಿಯ ಲಂಗ ಹೊಲಿಸಿ, ಕಟ್ಟುವ ಜಾಗ ದಿನಾ ಸ್ವಲ್ಪ ಮೇಲೆ ಕೆಳಗೆ ಮಾಡಿ. ಮನೆಯಲ್ಲಿ ನೈಟಿ ಹಾಕಿಕೊಂಡರೆ ಇನ್ನೂ ವಾಸಿ. ಮೂರು ವಾರಕ್ಕೂ ಕಡಿಮೆ ಆಗದಿದ್ದರೆ ತೋರಿಸಿ.

ಪ್ರಶ್ನೆ: ಕಾಲಿನ ಹೆಬ್ಬೆರಳ ಉಗುರು ಹಳದಿಯಾಗಿ ದಪ್ಪ ಆಗಿದೆ. ಮೂರು ತಿಂಗಳು ಮಾತ್ರೆ ಮುಗಿಸಿದೆ, ಉಗುರು ಹಾಗೇ ಇದೆ. ದುಡ್ಡು ದಂಡವೇ? (ತುಮಕೂರು)

ಉತ್ತರ: ಇಲ್ಲ. ಕಾಲಿನ ಉಗುರು ತಿಂಗಳಿಗೆ ಒಂದು, ಒಂದೂವರೆ ಮಿಲಿಮೀಟರ್ ಬೆಳೆಯುತ್ತದೆ. ಕೆಟ್ಟ ಉಗುರು ಪೂರ್ತಿ ತಳ್ಳಿಹೋಗಲು ಒಂದು ವರ್ಷ, ಒಂದೂವರೆ ವರ್ಷ ಬೇಕು. ಬುಡದಲ್ಲಿ ತಿಳಿಯಾದ ಹೊಸ ಉಗುರು ಕಾಣುತ್ತಿದೆಯಾ ನೋಡಿ. ಕಾಣುತ್ತಿದ್ದರೆ ಕಾಯಿರಿ. ಕಾಣದಿದ್ದರೆ ಉಗುರಿನ ಚೂರು ಪರೀಕ್ಷೆಗೆ ಕೊಡಿ, ಹಳದಿ ಉಗುರೆಲ್ಲ ಫಂಗಸ್ಸೇ ಆಗಿರಬೇಕಿಲ್ಲ. ಸೋರಿಯಾಸಿಸ್ ಇದ್ದರೂ ಹೀಗೇ ಆಗುತ್ತದೆ.

ಪ್ರಶ್ನೆ: ಮಗ ಜರ್ಮನಿಯಲ್ಲಿದ್ದಾನೆ. ಊರಿಗೆ ಬಂದು ಹೋದ ಮೇಲೆ ಹುಳಕಡ್ಡಿ. ಅಲ್ಲಿಯ ಡಾಕ್ಟರ್ ಕೊಟ್ಟ ಮಾತ್ರೆಗೆ ಬಗ್ಗುತ್ತಿಲ್ಲ. ಇಲ್ಲಿಂದ ಟ್ಯೂಬ್ ಕಳಿಸು ಅಂತಾನೆ. ಯಾವುದು ಕಳಿಸಲಿ? (ಬೆಂಗಳೂರು)

ಉತ್ತರ: ಯಾವುದೂ ಬೇಡ. ಅವನು ಕೇಳುತ್ತಿರುವುದು ಬಹುಶಃ ಭದ್ರಾವತಿಯವರು ಹಚ್ಚಿದ ಟ್ಯೂಬನ್ನೇ. ನಾನು ಹೇಳಿದ ಹೊಸ ತಳಿ ಈಗ ಅಲ್ಲಿಗೂ ಹೋಗಿದೆ, ಜರ್ಮನಿಯ ವೈದ್ಯರೇ ವರದಿ ಮಾಡಿದ್ದಾರೆ. ಅಮೆರಿಕದ ಮೊದಲ ಪ್ರಕರಣಗಳು ನ್ಯೂಯಾರ್ಕಿನಿಂದ 2023ರಲ್ಲಿ ವರದಿಯಾದವು. ಆದರೆ ಅಲ್ಲಿಯ ಎಲ್ಲ ಡಾಕ್ಟರಿಗೂ ಇದನ್ನು ನೋಡಿ ಅಭ್ಯಾಸ ಇರುವುದಿಲ್ಲ. ಮಾಮೂಲಿ ಹುಳಕಡ್ಡಿ ಎಂದು ಟರ್ಬಿನಾಫಿನ್ ಬರೆದಿರುತ್ತಾರೆ. ಮಗ ಎರಡು ವಿಷಯ ಅವರಿಗೆ ಹೇಳಲಿ: ತಾನು ಭಾರತಕ್ಕೆ ಹೋಗಿ ಬಂದಿದ್ದೇನೆ, ಟರ್ಬಿನಾಫಿನ್ ಎಷ್ಟು ವಾರ ತೆಗೆದುಕೊಂಡರೂ ಕಡಿಮೆ ಆಗಿಲ್ಲ. ಇಲ್ಲಿ ಇದ್ದಾಗ ಏನಾದರೂ ಟ್ಯೂಬ್ ಹಚ್ಚಿದ್ದರೆ ಅದರ ಫೋಟೋ ತೋರಿಸಲಿ. ಹೊಟ್ಟು ಕೆರೆದು ಕಲ್ಚರ್ ಮಾಡಿಸಿ, ಫಂಗಸ್ಸಿನ ಜಾತಿ ಯಾವುದು, ಯಾವ ಔಷಧಿಗೆ ಬಗ್ಗುತ್ತದೆ ಎಂದು ನೋಡುವ ಲ್ಯಾಬ್‌ಗಳು ಅಲ್ಲಿವೆ. ಆ ರಿಪೋರ್ಟ್ ಬಂದ ಮೇಲೆ ಮಾತ್ರೆ ಬದಲಾಯಿಸುವುದು ಅವರಿಗೆ ಕಷ್ಟವಲ್ಲ. ಪಾರ್ಸೆಲ್ ಕಳಿಸಲೇಬೇಕು ಅನಿಸಿದರೆ ಚಟ್ನಿಪುಡಿ, ಸಡಿಲವಾದ ಹತ್ತಿ ಚಡ್ಡಿ ಕಳಿಸಿ.